ವಾಂತಿ ನನ್ನದು, ಸಲಹೆ ಓಣಿಯದು

ಬಸಿರಿನಲ್ಲಿ ಸಿಟ್ಟು ಮಾಡಬಾರದಂತೆ, ಹುಟ್ಟುವ ಕೂಸಿಗೂ ಅದೇ ಗುಣ ಬರುತ್ತದಂತೆ. ಹಾಗಿದ್ದರೆ ನನ್ನ ಕೂಸು ನವನಗರದ ಅರ್ಧ ಜನರನ್ನು ಬೈಯುತ್ತಲೇ ಹುಟ್ಟುತ್ತದೆ. ತಪ್ಪು ನನ್ನದಲ್ಲ.

ಆಗ ಎರಡನೆಯ ತಿಂಗಳು. "ಮೂರು ತುಂಬೂತನಕ ಯಾರ ಮುಂದೂ ಹೇಳಬ್ಯಾಡವಾ" ಎಂದು ನನ್ನ ಬಾಯಿ ಕಟ್ಟಿದ ಅತ್ತೆ, ಹಾಲು ತರಲು ಹೋದವರು ಇಡೀ ಓಣಿಗೆ ಸುದ್ದಿ ಹಂಚಿ ಬಂದರು. ಹಿಂದೆಯೇ ಪಕ್ಕದ ಮನೆಯ ಗಂಗಕ್ಕ ಬದನೆಕಾಯಿ ಎಣ್ಣೆಗಾಯಿ ತಂದು ನನ್ನ ಮೂಗಿನ ಕೆಳಗೇ ಹಿಡಿದರು. "ಎರಡು ಜೀವ ಅದಾವ ಈಗ, ಎರಡರಷ್ಟು ಉಣ್ಣಬೇಕವಾ!" ನನಗೋ ಬೆಳ್ಳುಳ್ಳಿ ವಾಸನೆ ಸೋಕಿದರೆ ಸಾಕು, ಬಚ್ಚಲಿಗೆ ಓಟ. ತೊಳೆದ ಮುಖದಲ್ಲಿ ಹೊರಬಂದರೆ ಗಂಗಕ್ಕನಿಗೆ ಸಂಭ್ರಮ: "ವಾಂತಿ ಆದಷ್ಟೂ ಚಲೋ. ಕೂಸಿಗೆ ತಲಿ ತುಂಬ ಕೂದಲ ಬರ್ತಾವ." ಕೂದಲಿಗಾಗಿ ನಾನು ಸಾಯಬೇಕೇ? ನನ್ನ ಗಂಡನೆಂಬ ಗಣಿತದ ಮಾಸ್ತರರು ಮೊಬೈಲಿನಿಂದ ಕಣ್ಣೆತ್ತದೆ, "ಎಲ್ಲಾರಿಗೂ ಆಗತೈತಂತ ಬರದಾರ ನೋಡು" ಎಂದರು. ಇವರೊಬ್ಬರಿಗೆ ಮಾತ್ರ ಆಗುವುದಿಲ್ಲ!

ಕೊನೆಗೆ ಕುಡಿದ ನೀರೂ ನಿಲ್ಲದಾಯಿತು. ಮೂತ್ರ ಕಡಿಮೆಯಾಗಿ ಕಡು ಹಳದಿಗೆ ತಿರುಗಿತು. ಎದ್ದು ನಿಂತರೆ ಕಣ್ಣು ಕತ್ತಲೆ. ಆಗಲೂ ಅತ್ತೆ ರೊಟ್ಟಿಯ ತಾಟು ಹಿಡಿದು ಬಂದಾಗ ನಾನು ಕಿರುಚಿದೆ: "ಅತ್ತಿ, ಕೂಸು ಉಳೀಬೇಕಂದ್ರ ಮೊದಲ ನಾ ಉಳೀಬೇಕಲ್ರಿ! ದವಾಖಾನಿಗೆ ನಡೀರಿ!" ಸಿಟ್ಟೇ ನನ್ನನ್ನು ಆಟೋ ಹತ್ತಿಸಿತು.

ಡಾಕ್ಟರಮ್ಮ ಸಲೈನ್ ಹಚ್ಚಿಸಿ, ಜೊತೆಗೆ ಬಂದಿದ್ದ ಅತ್ತೆಯ ಮೇಲೆ ನನಗಿಂತ ಜೋರಾಗಿ ಸಿಟ್ಟಾದರು. "ನೀರು ನಿಲ್ಲಲಿಲ್ಲಂದ್ರ ಅವತ್ತ ಬರಬೇಕ್ರಿ. ರಕ್ತ ಕಂಡ್ರ, ಹೊಟ್ಟಿ ಭಾಳ ನೋವಾದ್ರ ತಡಾನ ಮಾಡಬಾರದು. ಎರಡರಷ್ಟು ಊಟ ಯಾರು ಹೇಳಿದ್ರಿ? ಸ್ವಲ್ಪ ಸ್ವಲ್ಪ, ಆಗಾಗ ತಿನ್ನಲಿ. ಫೋಲಿಕ್ ಆಸಿಡ್ ಗುಳಿಗಿ ಮಾತ್ರ ತಪ್ಪಿಸಬ್ಯಾಡ್ರಿ." ಸ್ಕ್ಯಾನಿಂಗಿನಲ್ಲಿ ಪುಟ್ಟ ಎದೆಬಡಿತ ಕಂಡಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಅತ್ತೇಬಿಟ್ಟೆ, ಅದೂ ಸಿಟ್ಟಿನಿಂದಲೇ.

ಅಂದಿನಿಂದ ಅತ್ತೆ ಬಾಗಿಲಲ್ಲೇ ಕಾವಲು. ಯಾರು ಏನು ತಂದರೂ, "ಡಾಕ್ಟರು ಬ್ಯಾಡಂದಾರ" ಎಂದು ಹೊರಗಿನಿಂದಲೇ ಸಾಗಹಾಕಿದರು. ಈಗ ನಾಲ್ಕನೆಯ ತಿಂಗಳು ಮುಗಿಯುತ್ತಿದೆ. ವಾಂತಿ ನಿಂತಿದೆ, ಹಸಿವು ಮಾತ್ರ ಬೆಂಕಿಯಂತೆ ಹತ್ತಿದೆ. ಮೊನ್ನೆ ಗಂಗಕ್ಕನ ಮನೆಯಲ್ಲಿ ಹೋಳಿಗೆ ಬೇಯುವ ಪರಿಮಳ ಬಂತು. ಕಾದೆ. ಯಾರೂ ಇತ್ತ ಸುಳಿಯಲಿಲ್ಲ. ಎಂಥ ಕಟುಕ ಜನ! ತಡೆಯಲಾರದೆ ಕಂಪೌಂಡ್ ಗೋಡೆಯ ಮೇಲಿಂದ ಕತ್ತು ಚಾಚಿ ನಾನೇ ಕೂಗಿದೆ:

"ಗಂಗಕ್ಕಾರ, ಬಾಜೂ ಮನ್ಯಾಗ ಬಸರ ಹೆಂಗಸು ಅದಾಳಂತ ನೆನಪರ ಐತಿಲ್ರಿ ನಿಮಗ?"