ಬಂಡೆಯಂಚಿನಲ್ಲಿ ಎರಡು ಜೊತೆ ಶೂ

ಆಗ ನನಗೆ ಎಪ್ಪತ್ತೊಂದು ವರ್ಷ. ನಾಲ್ಕು ವರ್ಷದ ಹಿಂದಿನ ಮಾತು. ವಯಸ್ಸನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಅಷ್ಟು ವಯಸ್ಸಾದವಳಿಗೆ ಬುದ್ಧಿ ಇರಬೇಕಿತ್ತು ಎಂದು ಆಮೇಲೆ ಬಹಳ ಜನ ಹೇಳಿದರು. ಬೇರೆ ವಿಷಯದಲ್ಲಿ ಬುದ್ಧಿ ಇದೆ, ಚಪ್ಪಲಿಯ ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವವಳಲ್ಲ. ಕಾಲಿನದನ್ನು ಹೊರಗೆ ಬಿಟ್ಟು ಒಳಗೆ ಬರಬೇಕು, ಅಷ್ಟೇ. ಲಂಡನ್ನಿನ ಕಿಂಗ್ಸ್‌ಬರಿಯ ನನ್ನ ಮನೆಗೆ ಬಾಯ್ಲರ್ ರಿಪೇರಿಗೆ ಬಂದ ಆರಡಿ ಆಳನ್ನು ಬಾಗಿಲಲ್ಲೇ ನಿಲ್ಲಿಸಿ ಬೂಟು ಬಿಚ್ಚಿಸಿದ್ದೇನೆ. ಅವನ ಕಾಲುಚೀಲದಲ್ಲಿ ಹೆಬ್ಬೆರಳಿನ ಹತ್ತಿರ ತೂತಿತ್ತು. ಅವನಿಗೆ ನಾಚಿಕೆಯಾಯಿತು, ನನಗೆ ಆಗಲಿಲ್ಲ. ಕೌನ್ಸಿಲಿನಿಂದ ಬಂದ ಹೆಂಗಸು ಮಾತ್ರ ಬಿಚ್ಚುವುದಿಲ್ಲ ಎಂದಳು. ಹಾಗಾದರೆ ಮೆಟ್ಟಿಲ ಮೇಲೆ ನಿಂತೇ ಮಾತಾಡು ಎಂದೆ. ಮಳೆ ಬರುತ್ತಿತ್ತು. ಬಿಚ್ಚಿದಳು.

ನನ್ನ ನಾದಿನಿ ವಸಂತಿ ಇರುವುದು ಹತ್ತಿರದ ಪಿನ್ನರಿನಲ್ಲಿ. ನನ್ನ ಗಂಡನ ತಂಗಿ. ನಾವಿಬ್ಬರೂ ಕುಂದಾಪುರದ ಕಡೆಯವರೇ, ಆದರೆ ಅವಳು ಬಿ.ಎ., ನಾನು ನಾಲ್ಕನೇ ಕ್ಲಾಸು. ಅವಳು ಆಫೀಸಿನಲ್ಲಿ ಕೂತು ಕೆಲಸ ಮಾಡಿದಳು, ನಾನು ಹೋಟೆಲಿನ ಅಡುಗೆಮನೆಯಲ್ಲಿ ನಿಂತು ದೋಸೆ ಹುಯ್ದೆ. ಅವಳಿಗೆ ತಿರುಗಾಟದ ಹುಚ್ಚು. ಗಂಡ ಹೋದ ಮೇಲೆ ಅದು ಇನ್ನೂ ಹೆಚ್ಚಾಯಿತು. ಬೆಳಿಗ್ಗೆ ಟ್ಯೂಬ್ ರೈಲು ಹತ್ತಿದರೆ ಸಂಜೆಯವರೆಗೆ ಯಾವುದೋ ಮ್ಯೂಸಿಯಂ, ಯಾವುದೋ ರಾಜನ ತೋಟ. ಹೀಗೆ ತಿರುಗುತ್ತಾ ಒಂದು ದಿನ ಸ್ಟ್ರಾಟ್‌ಫರ್ಡಿನ ದೊಡ್ಡ ಅಂಗಡಿ ಸಾಲಿನಲ್ಲಿ, ಓಡುವ ಮೆಟ್ಟಿಲಿನ ಮೇಲೆ ಬಿದ್ದಳು. ಮೂಳೆ ಮುರಿಯಲಿಲ್ಲ, ಆದರೆ ಕೈಗೆ ಕೋಲು ಬಂತು, ಮನೆಗೆ ಕಾವಲು ಬಂತು. ಕಾವಲು ಎಂದರೆ ಮಗಳು ಸ್ಮಿತಾ. ಒಬ್ಬಳೇ ಮಗಳು, ಪ್ರೀತಿ ಜಾಸ್ತಿ, ಮಾತು ಇಂಗ್ಲಿಷು. ಇನ್ನು ಮೇಲೆ ಅಮ್ಮ ಒಬ್ಬಳೇ ಎಲ್ಲಿಗೂ ಹೋಗಬಾರದು ಎಂದು ಕಟ್ಟಪ್ಪಣೆ ಮಾಡಿದಳು.

ಅಮ್ಮನನ್ನು ಸಮಾಧಾನ ಮಾಡಲು ಇಟಲಿಗೆ ತಾನೇ ಕರೆದುಕೊಂಡು ಹೋಗುತ್ತೇನೆ ಎಂದು ಟಿಕೆಟ್ ಮಾಡಿದ್ದೂ ಅವಳೇ. ಹೊರಡುವ ವಾರ ಅವಳ ಆಫೀಸಿನಲ್ಲಿ ರಜೆ ಕೊಡಲಿಲ್ಲ. ವಸಂತಿ ಬಸ್ಸು ಹಿಡಿದು ನನ್ನ ಮನೆಗೆ ಬಂದಳು, ಶೂ ಬಿಚ್ಚಿ ಅಡುಗೆಮನೆಯಲ್ಲಿ ಕೂತಳು.

"ಅತ್ತಿಗೆ, ನೀವ್ ಬನ್ನಿ. ನೀವ್ ಜೊತಿಗಿದ್ರೆ ಸ್ಮಿತಾ ಕಳಿಸ್ತಾಳಂಬ್ರ್. ಏನೂ ತೊಂದ್ರಿ ಆಗ್ದೆ ಹೋಯ್ ಬಂದ್ರೆ ಇನ್ಮೇಲ್ ನನ್ನ ತಡೂದಿಲ್ಲ ಅಂದ್ಳ್. ಒಂದ್ ಸಣ್ ತೊಂದ್ರಿ ಆದ್ರೂ ಮುಗೀತ್, ನಾನಿನ್ ಬಾಗಿಲ್ ದಾಟುಕಿಲ್ಲೆ."

"ಅಲ್ಲೆಂತ ಇತ್ತ್?"

"ಹಳೀ ಊರು. ಕೋಟೆ ಗೋಡೆ, ಗುಡ್ಡೆ ಮೇಲ್ ನಡೂ ದಾರಿ, ಬಂಡೆಕಲ್ಲ್ ಒಳಗ್ ಕೊರ್ದ್ ಇಗರ್ಜಿ, ಚರ್ಚ್."

"ಬಿದ್ ಗೋಡಿ ಕಾಂಬುಕೆ ವಿಮಾನ ಹತ್ಕಾ ಮಾರಾಯ್ತಿ?"

ಹೀಗೆ ಹೇಳಿದವಳು ನಾನೇ. ಇದನ್ನು ನೆನಪಿಟ್ಟುಕೊಳ್ಳಿ, ವಸಂತಿಯಂತೂ ಮರೆತಿಲ್ಲ. ಸ್ಮಿತಾ ನಮ್ಮಿಬ್ಬರಿಗೂ ಗುಡ್ಡ ಹತ್ತುವ ಶೂ ತಂದುಕೊಟ್ಟಳು. ಎತ್ತಿನ ಗೊರಸಿಗೆ ಲಾಳ ಹೊಡೆದ ಹಾಗಿತ್ತು. ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದು, "ಅತ್ತೆ, ಶಿ ಮಸ್ಟ್ ನಾಟ್ ಫಾಲ್. ದಟ್ಸ್ ಆಲ್" ಎಂದಳು. ಸರಿ ಎಂದೆ.

ಆ ಊರಿನ ಹೆಸರು ನನ್ನ ನಾಲಗೆಗೆ ಬರುವುದಿಲ್ಲ. ಗುಡ್ಡದ ತಲೆಯ ಮೇಲೆ ಟೊಪ್ಪಿ ಇಟ್ಟ ಹಾಗೆ ಕೂತ ಊರು. ಅಲ್ಲಿನ ಬೋರ್ಡು ಓದಲು ನನಗೆ ಬರುವುದಿಲ್ಲ, ವಸಂತಿಗೂ ಬರುವುದಿಲ್ಲ. ಬಿ.ಎ. ಮಾಡಿದವಳು ಬೋರ್ಡಿನ ಮುಂದೆ ಬಾಯಿ ತೆರೆದು ನಿಲ್ಲುವುದನ್ನು ಕಂಡು ನನಗೆ ಎಷ್ಟು ಸಮಾಧಾನವಾಯಿತು ಎಂದು ಹೇಳುವುದು ಒಳ್ಳೆಯದಲ್ಲ. ಮೊದಲ ದಿನ ಕೋಟೆ ಗೋಡೆ ನೋಡಿದೆವು. ಒಂದೊಂದು ಕಲ್ಲೂ ಮಲಗಿದ ಎಮ್ಮೆಯಷ್ಟು. ನಡುವೆ ಸುಣ್ಣವಿಲ್ಲ, ಗಾರೆಯಿಲ್ಲ. ನಾನು ತಲೆಯಿಂದ ಪಿನ್ನು ತೆಗೆದು ಎರಡು ಕಲ್ಲಿನ ನಡುವೆ ತೂರಿಸಲು ನೋಡಿದೆ. ಹೋಗಲಿಲ್ಲ. ಇನ್ನೊಂದು ಕಡೆ ನೋಡಿದೆ, ಅಲ್ಲೂ ಹೋಗಲಿಲ್ಲ. ಪಿನ್ನು ಬಾಗಿತು. ನಮ್ಮ ಕಿಂಗ್ಸ್‌ಬರಿ ಮನೆಯ ಹಿಂಭಾಗಕ್ಕೆ ಕೋಣೆ ಸೇರಿಸಿದವರು ಬಿಟ್ಟ ಸಂದಿನಲ್ಲಿ ನನ್ನ ಕಿರುಬೆರಳೇ ಹೋಗುತ್ತದೆ. ಈ ಗೋಡೆ ಕಟ್ಟಿದವರ ಹತ್ತಿರ ಕ್ರೇನಿಲ್ಲ, ಲಾರಿಯಿಲ್ಲ. ನಾನು ಕೈಯಲ್ಲಿ ಬಾಗಿದ ಪಿನ್ನು ಹಿಡಿದುಕೊಂಡು ಸುಮ್ಮನೆ ನಿಂತೆ. "ಅತ್ತಿಗೆ, ಬಾಯಿಗೆಂತ ಆಯ್ತ್?" ಎಂದಳು ವಸಂತಿ.

ಮರುದಿನ ಗುಡ್ಡದ ದಾರಿ. ದಾರಿ ಶುರುವಾಗುವಲ್ಲಿ ಒಂದು ಕಾಫಿ ಅಂಗಡಿ. ಅದರ ಯಜಮಾನಿ ದಪ್ಪ ಹೆಂಗಸು, ಔಷಧಿ ಕೊಟ್ಟ ಹಾಗೆ ಎರಡು ಗುಟುಕು ಕಾಫಿ ಕೊಟ್ಟಳು, ನಮ್ಮ ಸೀರೆಯ ಸೆರಗು ಮುಟ್ಟಿ ನೋಡಿ ಏನೋ ಮೆಚ್ಚಿಕೊಂಡಳು. ಅಲ್ಲಿಂದ ಮೇಲೆ ಕಲ್ಲು ಹಾಸಿದ ಹಳೆಯ ರಸ್ತೆ. ಗಾಡಿ ಓಡಿ ಓಡಿ ಕಲ್ಲಿನಲ್ಲೇ ಎರಡು ಕಡೆ ಚಕ್ರದ ಚರಂಡಿ ಬಿದ್ದಿದೆ. ಕಲ್ಲು ಸವೆಯಬೇಕಾದರೆ ಎಷ್ಟು ಗಾಡಿ, ಎಷ್ಟು ಎತ್ತು, ಅದನ್ನು ಹೊಡೆಯುವವರ ಎಷ್ಟು ಬೈಗುಳ ಹೋಗಿರಬೇಕು. ವಸಂತಿ ಒಂದು ಚರಂಡಿಯಲ್ಲಿ ಕೋಲು ಊರಿಕೊಂಡು, ನಾನು ಇನ್ನೊಂದರಲ್ಲಿ ಕಾಲಿಟ್ಟುಕೊಂಡು ಜೋಡಿ ಚಕ್ರದ ಹಾಗೆ ಹತ್ತಿದೆವು.

ಬಂಡೆಯ ಮಗ್ಗುಲಲ್ಲಿ ಇಗರ್ಜಿ ಬಂತು. ಕಟ್ಟಿದ್ದಲ್ಲ, ಕೊರೆದದ್ದು. ಬಾಗಿಲ ಮುಂದೆ ಸಣ್ಣ ಕಲ್ಲಿನ ಜಗಲಿ, ಅದರ ಅಂಚಿಗೆ ಸೊಂಟದೆತ್ತರದ ಕಬ್ಬಿಣದ ಸರಳು, ಸರಳಿನಾಚೆ ಏನೂ ಇಲ್ಲ. ಎಲ್ಲೋ ಕೆಳಗೆ ಹೊಳೆಯ ಸದ್ದು. ಬಾಗಿಲು ತೆರೆದಿತ್ತು. ನಾನು ಕೂತು ಶೂ ಬಿಚ್ಚಿದೆ.

"ಅತ್ತಿಗೆ, ಇದ್ ಇಗರ್ಜಿ. ಇಲ್ ಬಿಚ್ಚುದಿಲ್ಲ."

"ದೇವ್ರ್ ಯಾರಾರೆಂತ? ಕಾಲ್ ನಮ್ದೇ ಅಲ್ದಾ? ಬಿಚ್ಚ್."

ಬಿಚ್ಚಿದಳು. ಅವಳ ಚೀಲ ತೊಗಲಿನದು, ಅದನ್ನೂ ಒಳಗೆ ತರಬೇಡ ಎಂದೆ. ಮೊಬೈಲು ಅದರೊಳಗಿತ್ತು. ಕೋಲಿನ ತುದಿಗೆ ದಾರಿಯ ಕೊಳೆಯೆಲ್ಲ ಅಂಟಿತ್ತು, ಅದೂ ಬೇಡ ಎಂದೆ. ಎರಡು ಜೊತೆ ಶೂಗಳನ್ನು ಸರಳಿನ ಬುಡದಲ್ಲಿ ಸಾಲಾಗಿಟ್ಟು, ಮಧ್ಯೆ ಚೀಲವಿಟ್ಟು, ಕೋಲನ್ನು ಸರಳಿಗೆ ಒರಗಿಸಿ, ನನ್ನ ಹೆಗಲು ಹಿಡಿದುಕೊಂಡು ಅವಳು ಒಳಗೆ ಬಂದಳು.

ಲಂಡನ್ನಿಗೆ ಬಂದ ಮೇಲೆ ನನ್ನ ಪಾದ ಕಾರ್ಪೆಟ್ಟು ಮುಟ್ಟಿದೆ, ಬಾತ್‌ರೂಮಿನ ಟೈಲು ಮುಟ್ಟಿದೆ, ಕಲ್ಲು ಮುಟ್ಟಿರಲಿಲ್ಲ. ಆ ನೆಲದ ತಂಪು ಮೊಣಕಾಲಿನವರೆಗೆ ಏರಿತು. ಕಣ್ಣಿಗೆ ಕತ್ತಲೆ, ಕಾಲಿಗೆ ಮಾತ್ರ ತಗ್ಗುಗಳು ಸಿಕ್ಕಿದವು. ಬಟ್ಟಲಿನಂಥ ಎರಡು ತಗ್ಗು, ಪಕ್ಕದಲ್ಲಿ ಮತ್ತೆರಡು. ಜನ ಮೊಣಕಾಲೂರಿ ಊರಿ ಆದದ್ದು ಎಂದಳು ವಸಂತಿ. ನಾನೂ ಊರಿ ನೋಡಿದೆ. ನನ್ನ ಮೊಣಕಾಲು ಸರಿಯಾಗಿ ಕೂತಿತು. ಯಾವ ಕಾಲದ ಯಾವ ಹೆಂಗಸು ಏನು ಬೇಡಿಕೊಂಡಳೋ, ಅವಳಿಗೂ ನನ್ನಷ್ಟೇ ಮೊಣಕಾಲು. ಕಣ್ಣು ಹೊಂದಿಕೊಂಡ ಮೇಲೆ ಗೋಡೆಯ ತುಂಬ ಮುಖಗಳು ಕಂಡವು. ಕೆಂಪು ಮಣ್ಣಿನ ಬಣ್ಣ, ದೊಡ್ಡ ದೊಡ್ಡ ಕಣ್ಣು, ಕೆಲವರ ಮೂಗು ಉದುರಿಹೋಗಿದೆ, ನೋಟ ಉದುರಿಲ್ಲ.

ಪಕ್ಕದಲ್ಲಿ ಒಂದು ಕಿಂಡಿ, ಅದರೊಳಗೆ ಬಂಡೆಯಲ್ಲೇ ಕಡಿದ ಮೆಟ್ಟಿಲು. ಮೇಲೆ ಸನ್ಯಾಸಿಗಳ ಗುಹೆ ಇದೆ ಎಂದು ವಸಂತಿ ಪುಸ್ತಕದಲ್ಲಿ ಓದಿದ್ದಳಂತೆ. ಎರಡು ನಿಮಿಷ ನೋಡಿ ಬರೋಣ ಎಂದಳು. ಬೀಳಬಾರದು ಎಂಬ ಮಾತು ನನಗೆ ನೆನಪಿತ್ತು. ಆದರೆ ಮೆಟ್ಟಿಲಿನ ನಡುವೆಯೂ ಪಾದ ಹಿಡಿಯುವಂಥ ತಗ್ಗು. ಅವಳು ಮುಂದೆ, ನಾನು ಹಿಂದೆ ಕೈ ಕೊಟ್ಟುಕೊಂಡು ಹತ್ತಿದೆವು.

ಮೇಲೆ ಗುಹೆ ಎಂದರೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ, ತಲೆಗೆ ಕಲ್ಲಿನ ದಿಂಬು, ಎದುರಿಗೆ ಇಡೀ ಲೋಕ. ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೂ ತೆಳುವಾದ ಗುಡ್ಡ. ನಮ್ಮ ಕಾಲ ಕೆಳಗೆ ಹದ್ದು ಹಾರುತ್ತಿತ್ತು. ಹದ್ದಿನ ಬೆನ್ನನ್ನು ನಾನು ಅದುವರೆಗೆ ನೋಡಿರಲಿಲ್ಲ. ಕಂದು ಬಣ್ಣ, ರೆಕ್ಕೆಯ ಮೇಲೆ ಬಿಸಿಲು. ಊರಿನ ಇಗರ್ಜಿಯಲ್ಲಿ ಗಂಟೆ ಬಾರಿಸಿತು, ಸದ್ದು ಕೆಳಗಿನಿಂದ ಹೊಗೆಯ ಹಾಗೆ ಎದ್ದು ಬಂತು. ಗೋಡೆಗೆ ಒರಗಿ ಕೂತೆವು. ವಸಂತಿ ಸ್ವಲ್ಪ ಕಣ್ಣು ಮುಚ್ಚಿದಳು. ಅವಳನ್ನು ಕಾಯುತ್ತಾ ನಾನೂ ಮುಚ್ಚಿದೆ. ಎದ್ದಾಗ ಬಿಸಿಲು ಎದುರಿನ ಗುಡ್ಡಕ್ಕೆ ಹೋಗಿತ್ತು.

ನಿಧಾನವಾಗಿ ಕೂತು ಕೂತು ಇಳಿದು ಇಗರ್ಜಿಯ ಬಾಗಿಲಿಗೆ ಬಂದರೆ ಜಗಲಿಯ ತುಂಬ ಜನ. ಎಲ್ಲರ ಬೆನ್ನು ನಮ್ಮ ಕಡೆ, ಎಲ್ಲರ ತಲೆ ಸರಳಿನಾಚೆ. ಕಿತ್ತಳೆ ಬಣ್ಣದ ಅಂಗಿಯವರು ಕೆಳಗೆ ಹಗ್ಗ ಬಿಡುತ್ತಿದ್ದರು. ಒಂದು ನಾಯಿ ಬೇರೆ. ಕಾಫಿ ಅಂಗಡಿಯ ಹೆಂಗಸು ಏಪ್ರನ್ನಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅತ್ತಿಗೆ, ಯಾರೋ ಬಿದ್ದಿರ್ ಕಾಣಿ," ಎಂದಳು ವಸಂತಿ.

ಅಯ್ಯೋ ಪಾಪ ಎಂದು ನಾವೂ ಸಂದು ಮಾಡಿಕೊಂಡು ಹೋಗಿ, ಸರಳು ಹಿಡಿದು ಬಗ್ಗಿ ನೋಡಿದೆವು. ಏನೂ ಕಾಣಲಿಲ್ಲ. ಹಗ್ಗ ಅಲ್ಲಾಡುತ್ತಿತ್ತು. ಪಕ್ಕದವನಿಗೆ ಕನಿಕರದಿಂದ ತಲೆಯಾಡಿಸಿದೆ, ಅವನೂ ಆಡಿಸಿದ. ಅವನ ಕೈಯಲ್ಲಿ ಶೂ ಇತ್ತು.

"ಹೆಂಗಸೇ ಇರ್ಕ್," ಎಂದೆ ವಸಂತಿಗೆ. "ಶೂ ಕಾಣ್, ನಂದರ ಹಾಂಗೇ ಇತ್ತ್."

ವಸಂತಿ ನೋಡಿದಳು. ಆಮೇಲೆ ಸರಳಿನ ಬುಡ ನೋಡಿದಳು. ಆಮೇಲೆ ನನ್ನ ಕಾಲು ನೋಡಿದಳು. ಬಿ.ಎ. ಓದಿದ್ದು ಆಗ ಉಪಯೋಗಕ್ಕೆ ಬಂತು, ನನಗಿಂತ ಮೊದಲು ಅವಳಿಗೆ ಅರ್ಥವಾಯಿತು. ಅಷ್ಟರಲ್ಲಿ ನಾಯಿ ಬಂದು ನನ್ನ ಬರಿಗಾಲು ನೆಕ್ಕಿತು, ಕಾಫಿಯವಳು ತಿರುಗಿ ನಮ್ಮ ಸೀರೆ ಕಂಡಳು. ಅವಳು ಕಿರುಚಿದ ಸದ್ದಿಗೆ ಹಗ್ಗ ಹಿಡಿದವನು ಬೆದರಿದ. ನಮ್ಮಿಬ್ಬರನ್ನೂ ಒಂದೇ ತೋಳಲ್ಲಿ ಅಪ್ಪಿಕೊಂಡು ಅತ್ತಳು. ಅಷ್ಟು ದುಃಖಪಟ್ಟು ನನಗಾಗಿ ಯಾರೂ ಅತ್ತದ್ದಿಲ್ಲ, ಅದೂ ಎರಡು ಕಾಫಿಯ ಪರಿಚಯಕ್ಕೆ. ಹಗ್ಗದವರು ಒಳಗೆ ಬಂದೂ ನೋಡಿದ್ದರಂತೆ. ಕೋಲು ಹೊರಗೆ ಬಿಟ್ಟ ಮುದುಕಿ ಆ ಮೆಟ್ಟಿಲು ಹತ್ತಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ.

ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಚೀಲದಲ್ಲಿ ಮೊಬೈಲು ಹೊಡೆದುಕೊಂಡಾಗ ಶೂ ಹಿಡಿದವನು ತೆಗೆದು ಮಾತಾಡಿದ್ದನಂತೆ. ಆಚೆ ಕಡೆ ಸ್ಮಿತಾ. ಅವನು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬಂಡೆ, ಶೂ, ಕೋಲು, ಅಮ್ಮ ಇಲ್ಲ ಎಂದು ಹೇಳಿದ್ದ. ಈಗ ಮತ್ತೆ ಹೊಡೆಯಿತು. ವಸಂತಿ ಕಿವಿಗಿಟ್ಟುಕೊಂಡಳು. "ಹೌದು ಮಗಾ. ಇಲ್ಲ ಮಗಾ. ದೇವ್ರಿದ್ದಲ್ಲಿ ಬಿಚ್ಚಿಟ್ಟದ್ದ್ ಮಗಾ," ಎನ್ನುತ್ತಿದ್ದಳು. ಸ್ಮಿತಾ ಅಳುತ್ತಾ ಬೈಯುವುದು ನನಗೂ ಕೇಳುತ್ತಿತ್ತು. "ದಟ್ಸ್ ಇಟ್, ಅಮ್ಮ. ನೆವರ್ ಅಗೇನ್." ವಸಂತಿ ಜಗಲಿಯ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತಿನ ಹಿಂದೆ ಹದ್ದಿನ ಬೆನ್ನು ನೋಡಿದವಳು ಬಾಗಿಲು ಹಾಕಿದ ಮನೆಯ ಹಾಗೆ ಆದಳು. ನನಗೆ ಸಿಟ್ಟು ಬಂತು. ಮೊಬೈಲು ಕಸಿದುಕೊಂಡೆ.

"ಸ್ಮಿತಾ, ನಿನ್ನ ಅಮ್ಮ ಬಿದ್ಲಾ?"

"ಅತ್ತೆ, ದಟ್ಸ್ ನಾಟ್ ದ ಪಾಯಿಂಟ್..."

"ಬಿದ್ಲಾ ಇಲ್ಯಾ ಹೇಳ್. ನೀ ಹೇಳಿದ್ದ್ ಅದೊಂದೇ. ಸ್ಟ್ರಾಟ್‌ಫರ್ಡಲ್ಲಿ ಶೂ ಹಾಯ್ಕಂಡ್, ತನ್ನಷ್ಟಕ್ಕೇ ಮೇಲ್ ಹೋಪು ಮೆಟ್ಲಲ್ಲಿ ನಿಂತ್ಕಂಡ್ ಬಿದ್ದಳ್. ಇಲ್ಲಿ ಬರಿಗಾಲಲ್ಲಿ, ಕೋಲಿಲ್ದೆ, ಬಂಡೆಕಲ್ಲ್ ಹತ್ತಿ ಇಳ್ದಿದ್ಲ್. ಕಳ್ದ್ ಹೋದದ್ದ್ ಶೂ. ಅದೂ ಸಿಕ್ತ್."

ಆಚೆ ಕಡೆಯಿಂದ ಮೂಗು ಸೀಟಿದ ಸದ್ದು ಬಂತು. ಆಮೇಲೆ ಅವಳು, "ವಿಥೌಟ್ ದ ಸ್ಟಿಕ್?" ಎಂದಳು. ಹೌದು ಎಂದೆ. ಕೊನೆಗೆ, "ಫೈನ್. ಅವರು ಎಲ್ಲಿ ಬೇಕಾದರೂ ಹೋಗಲಿ. ಬಟ್ ಅತ್ತೆ, ಎವ್ರಿ ಟೈಮ್, ನೀವು ಜೊತೆಗೆ ಹೋಗಬೇಕು," ಎಂದಳು. ಕನ್ನಡದಲ್ಲಿ ಅವಳು ಹೇಳಿದ್ದೇ ಅಷ್ಟು, ಅದೂ ನನ್ನನ್ನು ಕಟ್ಟಿಹಾಕುವುದಕ್ಕೆ.

ಆ ಶಿಕ್ಷೆ ಇನ್ನೂ ನಡೆಯುತ್ತಿದೆ. ಸಂಧಿವಾತದ ಕಾಲಿನಲ್ಲಿ ಯಾವ ಯಾವುದೋ ಕೋಟೆ ಹತ್ತಿಸಿದ್ದಾಳೆ ವಸಂತಿ. ನನಗೆ ಇಷ್ಟವಿಲ್ಲ ಎಂದೇ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ, ನಂಬಿದವರೂ ಇದ್ದಾರೆ. ವಸಂತಿ ನಂಬುವುದಿಲ್ಲ. ಯಾಕೆಂದರೆ ಆ ಹಗ್ಗದ ಗಲಾಟೆಯ ಮಾರನೆಯ ದಿನ ಬೆಳಿಗ್ಗೆ, ಅವಳಿನ್ನೂ ಹೊದ್ದು ಮಲಗಿರುವಾಗಲೇ, ಕಿಂಗ್ಸ್‌ಬರಿಯಿಂದ ತಂದಿದ್ದ ಚಕ್ಕುಲಿಯನ್ನೆಲ್ಲ ಮಂಚದ ಪಕ್ಕ ಸುರಿದು, ಬಿಚ್ಚಿದ ಶೂ ಬಂಡೆಯಂಚಿನಲ್ಲಿ ಬಿಡದೆ ತುಂಬಿಸಿಕೊಳ್ಳಲು ಪ್ಲಾಸ್ಟಿಕ್ ಚೀಲ ಖಾಲಿ ಮಾಡಿ, ಅವಳ ಹೊದಿಕೆ ಎಳೆದು ಏಳು ಹೋಗೋಣ ಎಂದವಳು ನಾನು.