ಕೊಟ್ಟು ತಂದ ಹುಡುಗಿ ಮುನಿಸಿಕೊಂಡರೆ

ಸಿಂಚನಾ, ಪುನೀತಾ, ನಾಗಮಂಗಲದಲ್ಲಿರುವ ನನ್ನ ಪುಟ್ಟ ಭೂಮಿಕಾ, ಮೂವರೂ ಕೇಳಿ. ನಿಮ್ಮ ಅಜ್ಜಿಗೆ ಮಾತು ಕಡಿಮೆ ಎಂದು ನೆಂಟರೆಲ್ಲ ಹೇಳುತ್ತಾರೆ. ಕಡಿಮೆಯೇನಲ್ಲ, ಒಳಗೆ ಬೇಕಾದಷ್ಟಿದೆ. ಹೊಸ ಸೊಸೆಯ ಹಾಗೆ ಬಾಗಿಲ ಹತ್ತಿರ ಬಂದು ನಿಂತುಬಿಡುತ್ತದೆ, ಅಷ್ಟೇ. ಮೈಸೂರಿನಿಂದ ಬಸ್ಸಿನಲ್ಲಿ ಬರುವಾಗ ನಮ್ಮ ಬಾಬುರಾಯನಕೊಪ್ಪಲು ಬಂತೆಂದು ಗೊತ್ತಿದ್ದೂ, ಅಷ್ಟು ಜನರ ನಡುವೆ ‘ಇಳೀಬೇಕು’ ಎಂದು ಕೂಗಲು ನಾಚಿ, ಕಿರಂಗೂರಿನವರೆಗೂ ಹೋಗಿ, ಅಲ್ಲಿ ಇಳಿಯುವವರ ಹಿಂದೆ ಇಳಿದು, ಬಿಸಿಲಲ್ಲಿ ನಡೆದು ಬಂದವಳು ನಾನು. ನಿಮ್ಮ ತಾತ ಇರುವವರೆಗೆ ಈ ಕಷ್ಟವಿರಲಿಲ್ಲ. ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಅಂಗಡಿಯಲ್ಲಿ ನನಗೆ ಯಾವ ಬಣ್ಣದ ಸೀರೆ ಬೇಕು ಎನ್ನುವುದನ್ನೂ ಅವರೇ ಹೇಳುತ್ತಿದ್ದರು. ಹೇಳಿದ ಬಣ್ಣ ಒಂದು ದಿನವೂ ನನಗೆ ಬೇಕಾದದ್ದಾಗಿರುತ್ತಿರಲಿಲ್ಲ, ಆ ಮಾತು ಬೇರೆ. ಅಂಥ ನಾನು ಹೋದ ವರ್ಷ ಮೈಸೂರಿನ ಕಾಲೇಜಿಗೆ ಹೋಗಿ, ಮೇಡಂ ಎದುರು ಕುಳಿತು, ಬಿ.ಬಿ.ಎ. ಪಾಠದ ವಿಚಾರ ಮಾತಾಡಿ ಬಂದೆ. ಅದನ್ನು ಬರೆದಿಡೋಣ ಅನ್ನಿಸಿತು. ಸಿಂಚನಾ, ಇದರಲ್ಲಿ ನೀನೂ ಬರುತ್ತೀಯ. ಆದರೆ ‘ನೀನು’ ಎನ್ನದೆ ‘ಸಿಂಚನ’ ಎಂದೇ ಬರೆಯುತ್ತೇನೆ. ನಿನ್ನನ್ನು ಎದುರಿಗೆ ಕೂರಿಸಿಕೊಂಡ ಹಾಗಾದರೆ ನನಗೆ ಬರೆಯುವುದಕ್ಕೂ ನಾಚಿಕೆ.

ಸಿಂಚನ ಬಿ.ಬಿ.ಎ. ಓದುತ್ತಿದ್ದಾಗ ಅವಳ ಕಾಲೇಜಿನವರು ಪೋಲೆಂಡ್ ದೇಶದ ಒಂದು ಕಾಲೇಜಿನವರ ಜೊತೆ ಮಾತಾಡಿಕೊಂಡಿದ್ದರಂತೆ. ಇಲ್ಲಿಂದ ಒಬ್ಬಳು ಅರ್ಧ ವರ್ಷ ಅಲ್ಲಿಗೆ ಹೋಗಿ ಓದುವುದು, ಅಲ್ಲಿಂದ ಒಬ್ಬಳು ಅರ್ಧ ವರ್ಷ ಇಲ್ಲಿಗೆ ಬಂದು ಓದುವುದು. ಇಲ್ಲಿಂದ ಹೊರಟವಳು ಸಿಂಚನ. ಅಲ್ಲಿಂದ ಬರುವವಳ ಹೆಸರು ಮಾರ್ತಾ. ಹೇಗೂ ತನ್ನ ಕೋಣೆ ಖಾಲಿಯಿರುತ್ತದೆ, ಆ ಹುಡುಗಿ ಹಾಸ್ಟೆಲಿನಲ್ಲಿ ಒದ್ದಾಡುವುದು ಬೇಡ, ನಮ್ಮ ಮನೆಯಲ್ಲೇ ಇರಲಿ ಎಂದು ಸಿಂಚನಳೇ ಗೊತ್ತು ಮಾಡಿದಳು. ಅಡುಗೆಮನೆಗೆ ಬಂದು ನನಗೆ ಬಿಡಿಸಿ ಹೇಳಿದಳು: ‘ನಾನು ಅಲ್ಲಿಗೆ, ಅವಳು ಇಲ್ಲಿಗೆ. ಎಕ್ಸ್‌ಚೇಂಜ್ ಅಜ್ಜಿ.’ ನಾನು, ‘ಗೊತ್ತಾಯ್ತು ಬುಡವ್ವ, ಕೊಟ್ಟು ತರೋ ಸಂಬಂಧ’ ಎಂದೆ. ಅವಳೂ ಅವಳಮ್ಮ ಸವಿತಾಳೂ ಬಿದ್ದು ಬಿದ್ದು ನಕ್ಕರು. ಅಪರೂಪಕ್ಕೆ ನಗಿಸಿದೆನಲ್ಲ ಎಂದು ನಾನೂ ನಕ್ಕೆ. ಆದರೆ ನಾನು ತಮಾಷೆ ಮಾಡಿರಲಿಲ್ಲ.

ಕೊಟ್ಟು ತರುವುದೆಂದರೆ ಏನೆಂದು ನಿಮಗೆ ತಿಳಿಯದು. ಒಂದು ಮನೆಯ ಹುಡುಗಿಯನ್ನು ಇನ್ನೊಂದು ಮನೆಗೆ ಕೊಟ್ಟು, ಆ ಮನೆಯ ಹುಡುಗಿಯನ್ನು ಈ ಮನೆಗೆ ತಂದುಕೊಳ್ಳುವುದು. ಚಿನಕುರಳಿಯ ನಮ್ಮ ತವರಿನಿಂದ ನಾನು ಇಲ್ಲಿಗೆ ಬಂದೆ. ನಿಮ್ಮ ತಾತನ ತಂಗಿ ಕೆಂಪಮ್ಮ ಇಲ್ಲಿಂದ ನಮ್ಮಣ್ಣನ ಹೆಂಡತಿಯಾಗಿ ಅಲ್ಲಿಗೆ ಹೋದಳು. ಒಂದೇ ಚಪ್ಪರ, ಎರಡು ಧಾರೆ. ನನಗೆ ಅವಳು ನಾದಿನಿಯೂ ಹೌದು, ಅತ್ತಿಗೆಯೂ ಹೌದು, ಆದ್ದರಿಂದ ನನ್ನನ್ನು ಗದರುವುದರಲ್ಲಿ ಅವಳಿಗೆ ಎರಡು ಪಾಲು. ಕೆಂಪಮ್ಮನ ಮನಸ್ಸು ಬೆಣ್ಣೆ, ಮೂಗಿನ ತುದಿ ಮಾತ್ರ ಬೆಂಕಿ. ಸಾರಿಗೆ ನೀರು ಜಾಸ್ತಿಯಾಯಿತು ಎಂದು ನಮ್ಮವ್ವ ಅಂದರೆ ಸಾಕು, ಬಟ್ಟೆ ಗಂಟು ಕಟ್ಟಿಕೊಂಡು ಇಲ್ಲಿಗೆ ಬಂದುಬಿಡುತ್ತಿದ್ದಳು. ಅವಳು ಬಂದ ಮಾರನೆಯ ದಿನ ನಮ್ಮತ್ತೆ ನನ್ನ ಕಡೆ ತಿರುಗಿ, ‘ನೀನೂ ನಿಮ್ಮವ್ವನ್ನ ನೋಡ್ಕಂಡ್ ಬಾರವ್ವ’ ಎನ್ನುತ್ತಿದ್ದರು. ಸಿಟ್ಟಿನಿಂದಲ್ಲ. ಪದ್ಧತಿ ಹಾಗೆ. ಅವರ ಹುಡುಗಿ ಇತ್ತ ಬಂದರೆ ನಾನು ಅತ್ತ. ನನಗೂ ನಿಮ್ಮ ತಾತನಿಗೂ ಏನೊಂದು ಜಗಳವಿಲ್ಲ. ಪಾಪ, ಅವರು ಮುಖ ಸಣ್ಣಗೆ ಮಾಡಿಕೊಂಡು ನನ್ನನ್ನು ಬಸ್ಸು ಹತ್ತಿಸುತ್ತಿದ್ದರು. ಒಮ್ಮೆ ನಾನು ಹಿಂತಿರುಗುವಾಗ, ಸಿಟ್ಟಿಳಿದ ಕೆಂಪಮ್ಮ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಎದುರಾದಳು. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತು ಕಡ್ಲೆಪುರಿ ತಿಂದೆವು. ತಿನ್ನುತ್ತಾ ತಿನ್ನುತ್ತಾ ಅವಳು ನಮ್ಮವ್ವನ ತಪ್ಪುಗಳನ್ನೆಲ್ಲ ನನಗೇ ನಿಧಾನವಾಗಿ ಹೇಳಿದಳು. ನಾನು ಹೂಂಗುಟ್ಟಿದೆ.

ಕೊನೆಗೆ ಪಾಠ ಕಲಿತವಳು ನಮ್ಮವ್ವ. ಕೆಂಪಮ್ಮನ ತಟ್ಟೆಗೆ ತುಪ್ಪ ಹೆಚ್ಚು ಬೀಳತೊಡಗಿತು. ಶನಿವಾರ ಬಂದರೆ ಅವಳನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ತಟ್ಟುತ್ತಿದ್ದಳಂತೆ. ಇದೇನು ಸೊಸೆಗೆ ಇಷ್ಟು ಉಪಚಾರ ಎಂದು ಯಾರೋ ಆಡಿಕೊಂಡದ್ದಕ್ಕೆ, ‘ಇವಳ ತಲೆ ತಣ್ಣಗಿದ್ರೆ ಅಲ್ಲಿ ನನ್ ಮಗಳ ಹೊಟ್ಟೆ ತಣ್ಣಗಿರ್ತದೆ’ ಎಂದಳಂತೆ.

ಹೀಗಾಗಿ, ಮಾರ್ತಾ ನಮ್ಮ ಹೊಸಿಲು ದಾಟಿದ ದಿನವೇ ನನ್ನ ಕೆಲಸ ಏನೆಂದು ನನಗೆ ಗೊತ್ತಿತ್ತು. ಇವಳು ನಕ್ಕುಕೊಂಡಿದ್ದರೆ ಅಲ್ಲಿ ಸಿಂಚನ ನೆಮ್ಮದಿಯಾಗಿ ಓದುತ್ತಾಳೆ. ಜೋಳದ ತೆನೆಯ ಕೂದಲಿನ ಬಣ್ಣದ ತಲೆ, ಬಿಸಿಲಿಗೆ ಕೆಂಪಾಗುವ ಮೂಗು, ಮಗು ನೋಡಲು ಚೆಂದವಾಗಿದ್ದಳು. ಮೊದಲ ದಿನ ಮುದ್ದೆಯನ್ನು ಅಗಿದೂ ಅಗಿದೂ ದವಡೆ ಹಿಡಿದುಕೊಂಡು ಕೂತಳು. ನುಂಗಬೇಕು ಎಂದು ನಾನು ಕತ್ತು ಮುಟ್ಟಿ ತೋರಿಸಿದರೆ, ನನಗೇ ಏನೋ ಸಿಕ್ಕಿಕೊಂಡಿದೆ ಎಂದು ಹೆದರಿ ನೀರು ತಂದುಕೊಟ್ಟಳು. ಮರುದಿನದಿಂದ ಅವಳಿಗೆ ದೋಸೆ. ದೋಸೆಯ ಮೇಲೆ ತುಪ್ಪ. ಪುನೀತಾ, ಆಗ ನಿನ್ನ ತಟ್ಟೆಯಲ್ಲಿ ತುಪ್ಪ ಯಾಕೆ ಕಡಿಮೆಯಾಯಿತು ಎಂದು ಜಗಳ ತೆಗೆದಿದ್ದೆಯಲ್ಲ, ಈಗ ಗೊತ್ತಾಯಿತೇ? ತಲೆಗೆ ಎಣ್ಣೆಯನ್ನೂ ಹಚ್ಚಿದೆ. ಎದುರುಮನೆಯ ತಾಯಮ್ಮ ಕಿಟಕಿಯಲ್ಲಿ ನೋಡಿದ್ದು ಸಾಲದೆ ಒಳಗೇ ಬಂದು, ‘ಬಾಣಂತೀಗೂ ಇಷ್ಟ್ ಉಪಚಾರ ಮಾಡಾಕಿಲ್ವಲ್ಲಕ್ಕ’ ಎಂದಳು. ಮಾರ್ತಾ ಕಲಿತ ಮೊದಲ ಕನ್ನಡ ಮಾತು ‘ಸಾಕು ಅಜ್ಜಿ.’

ಹೀಗೆ ನಡೆಯುತ್ತಿರುವಾಗ ಒಂದು ಸಂಜೆ ಅವಳು ಕಾಲೇಜಿನಿಂದ ಬಂದವಳು ಊಟ ಬೇಡವೆಂದಳು. ಹಿತ್ತಲಲ್ಲಿ ನಿಂತು ಅವರಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಾ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಸವಿತಾ ವಿಚಾರಿಸಿ ಬಂದು, ನನ್ನ ಜೊತೆ ಅವರೆಕಾಯಿ ಬಿಡಿಸಲು ಕೂತು ಹೇಳಿದಳು. ಮಾರ್ತಾಳ ಮುತ್ತಾತ ಹಾಕಿದ ಒಂದು ಬ್ರೆಡ್ಡಿನ ಬೇಕರಿ ಇದೆಯಂತೆ. ಮುಂದೆ ಅದನ್ನು ಇವಳೂ ಇವಳ ಅಣ್ಣನೂ ನೋಡಿಕೊಳ್ಳಬೇಕು, ಆದರೆ ಇಬ್ಬರಿಗೂ ಈಗಲೇ ಕಚ್ಚಾಟ. ಮನೆಮಂದಿ ಸೇರಿ ವ್ಯಾಪಾರ ನಡೆಸುವುದು ಹೇಗೆ ಎನ್ನುವ ಕೋರ್ಸು ನಮ್ಮ ಕಾಲೇಜಿನಲ್ಲಿದೆ ಎಂದು ಆಸೆಯಿಂದ ಬಂದರೆ, ಹೊರಗಿನಿಂದ ಬಂದ ಮಕ್ಕಳಿಗೆ ಅದು ಇಲ್ಲವಂತೆ. ಅವರಿಗೆ ಕೊಡುವುದು ಲೆಕ್ಕಪತ್ರದ್ದು, ಮಾರುಕಟ್ಟೆಯದು. ಅವನ್ನೆಲ್ಲ ಇವಳು ತನ್ನ ಊರಿನಲ್ಲೇ ಓದಿ ಮುಗಿಸಿದ್ದಾಳೆ. ಓದಿದ್ದನ್ನೇ ಮತ್ತೆ ಓದಿದರೆ ಅಲ್ಲಿನವರು ಒಪ್ಪುವುದಿಲ್ಲ, ಅರ್ಧ ವರ್ಷ ನೀರಲ್ಲಿ ಹೋಮ. ‘ಇಂಗೇ ಆದ್ರೆ ಬರೋ ವಾರ ವಾಪಸ್ ಹೊಂಟೋಗ್ತೀನಿ ಅಂತಾವ್ಳೆ ಅತ್ತೆ’ ಎಂದಳು ಸವಿತಾ.

ನನ್ನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಸಿಂಚನ ಅಲ್ಲಿಗೆ ಹೋಗಿ ಆಗತಾನೆ ಹೊಂದಿಕೊಂಡಿದ್ದಳು. ಭಾನುವಾರ ಭಾನುವಾರ ಫೋನಿನಲ್ಲಿ ಹಿಮ ತೋರಿಸುತ್ತಿದ್ದಳು, ಹೊಸ ಗೆಳತಿಯರನ್ನು ತೋರಿಸುತ್ತಿದ್ದಳು. ಇವಳು ಮುನಿಸಿಕೊಂಡು ಹೊರಟರೆ ಅವರು ಸುಮ್ಮನಿರುತ್ತಾರೆಯೇ? ಏನೂ ತಪ್ಪು ಮಾಡದ ನಮ್ಮ ಹುಡುಗಿ ಗಂಟು ಕಟ್ಟಬೇಕಾಗುತ್ತದೆ. ನೇರವಾಗಿ ಕೇಳಲು ಬಾಯಿ ಬರಲಿಲ್ಲ. ‘ಇಲ್ಲಿಂದ ಒಬ್ರು ಕಮ್ಮಿಯಾದ್ರೆ ಏನ್ ಮಾಡಬೇಕಾಯ್ತದೆ ಸವಿತಾ?’ ಎಂದೆ. ‘ಒಂದ್ ಮುದ್ದೆ ಕಮ್ಮಿ ಕಟ್ಟೋದು, ಇನ್ನೇನ್ ಮಾಡಾಕಾಯ್ತದೆ’ ಎಂದಳು. ಮೊದಲ ದಿನ ಬಿಟ್ಟರೆ ಅವಳು ಮುದ್ದೆ ಮುಟ್ಟಿಯೇ ಇರಲಿಲ್ಲ ಎನ್ನುವುದು ಇಬ್ಬರಿಗೂ ಮರೆತಿತ್ತು.

ಮಾರನೆಯ ಬೆಳಿಗ್ಗೆ, ಮೈಸೂರಿಗೆ ಕಣ್ಣು ತೋರಿಸಿಕೊಂಡು ಬರುತ್ತೇನೆ, ಮಾರ್ತಾಳ ಜೊತೆಗೇ ಹೋಗುತ್ತೇನೆ ಎಂದೆ. ಆಗಷ್ಟೇ ಸೂಜಿಗೆ ದಾರ ಪೋಣಿಸಿ ರವಿಕೆಗೆ ಗುಂಡಿ ಹೊಲಿದಿದ್ದೆ. ಸವಿತಾ ಸೂಜಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. ಬಸ್ಸಿನುದ್ದಕ್ಕೂ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕಾಲೇಜಿಗೆ ಬಂದ ಮೇಲೆ ಆ ಕೋರ್ಸಿನ ಮೇಡಂ ಹತ್ತಿರ ಕರೆದುಕೊಂಡು ಹೋಗು ಎಂದು ಕೈಸನ್ನೆ, ಅರ್ಧಂಬರ್ಧ ಇಂಗ್ಲಿಷು ಎಲ್ಲ ಸೇರಿಸಿ ಮಾರ್ತಾಳಿಗೆ ಹೇಳಿದೆ. ಸವಿತಾಳ ವಯಸ್ಸಿನ ಮೇಡಂ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಕೂತಿದ್ದರು. ಕೂತ್ಕೊಳ್ಳಿ ಅಮ್ಮ ಎಂದರು. ಕೂತೆ. ಜೋಡಿಸಿಕೊಂಡ ಮಾತು ಒಂದೂ ಬರಲಿಲ್ಲ. ಬರಿಗೈಯಲ್ಲಿ ಬರಬಾರದೆಂದು ನಮ್ಮ ಆಲೆಮನೆಯ ಬೆಲ್ಲ ತಂದಿದ್ದೆ, ಮೇಜಿನ ಮೇಲಿಟ್ಟೆ. ಇಟ್ಟ ಕೂಡಲೇ ಲಂಚದ ಹಾಗೆ ಕಂಡಿತು, ಹಿಂದಕ್ಕೆ ಎಳೆದುಕೊಂಡೆ. ಎಳೆದುಕೊಂಡದ್ದು ಜಿಪುಣತನದ ಹಾಗೆ ಕಂಡಿತು, ಮತ್ತೆ ಇಟ್ಟೆ. ಬೆಲ್ಲದ ಪೊಟ್ಟಣ ಹಾಗೆ ಓಡಾಡುತ್ತಿರುವಾಗಲೇ ನನ್ನ ಬಾಯಿಂದ ಬಂದುಬಿಟ್ಟಿತು: ‘ಈ ಮಗ ಕೇಳ್ದ ಪಾಠ ಕೊಟ್ಬುಡಿ ಮೇಡಂ. ಇವಳು ಮುನಿಸ್ಕಂಡ್ ಹೋದ್ರೆ ಅಲ್ಲಿಂದ ನಮ್ಮುಡುಗೀನ ಕಳುಸ್ಬುಡ್ತಾರೆ.’

ಮೇಡಂಗೆ ಅರ್ಥವಾಗಲಿಲ್ಲ. ಯಾಕೆ ಕಳಿಸುತ್ತಾರೆ ಎಂದು ಕೇಳಿದರು. ಕೆಂಪಮ್ಮನನ್ನು ಬಿಟ್ಟು ಅದನ್ನು ಹೇಳುವುದಾದರೂ ಹೇಗೆ? ಚಪ್ಪರದಿಂದ ಶುರುಮಾಡಿ ಕಡ್ಲೆಪುರಿಯವರೆಗೆ ಹೇಳಿದೆ. ಅವರು ಮೊದಲು ತುಟಿ ಬಿಗಿಹಿಡಿದುಕೊಂಡರು, ಆಮೇಲೆ ಮುಖಕ್ಕೆ ಕೈ ಅಡ್ಡ ಹಿಡಿದುಕೊಂಡರು, ಆಮೇಲೆ ಅದೂ ಆಗದೆ ನಕ್ಕರು. ‘ನಮ್ಮೂರು ಕೆ.ಆರ್.ಪೇಟೆ ಕಡೆ ಅಮ್ಮ, ನಮ್ಮತ್ತೇನೂ ಇಂಗೇ ಕೊಟ್ಟು ತಂದಿದ್ದು. ಕಾಲೇಜಿಂದು ಅಂಗಲ್ಲ. ಇವಳು ನಾಳೇನೇ ಹೋದ್ರೂ ನಿಮ್ ಮೊಮ್ಮಗಳು ಓದ್ ಮುಗಿಸ್ಕಂಡೇ ಬತ್ತಾಳೆ’ ಎಂದರು. ಮೇಡಂ ಇಂಗ್ಲಿಷು ಬಿಟ್ಟು ನಮ್ಮ ಮಾತಿಗೆ ಬಂದದ್ದು ನೋಡಿ ನನಗೆ ಅರ್ಧ ಧೈರ್ಯ, ಮೊಮ್ಮಗಳು ಉಳಿದಳೆಂದು ಇನ್ನರ್ಧ. ಬಂದ ಕೆಲಸ ಮುಗಿಯಿತೆಂದು ಚೀಲ ಎತ್ತಿಕೊಂಡೆ.

ಎದ್ದು ನೋಡಿದರೆ ಮಾರ್ತಾ ತನ್ನ ಅಂಗೈಯನ್ನೇ ನೋಡುತ್ತಾ ಕೂತಿದ್ದಳು. ನಾವು ಆಡಿದ್ದು ಅವಳಿಗೆ ತಿಳಿದಿರಲಿಲ್ಲ. ತನ್ನ ಕೆಲಸ ಆಗಲಿಲ್ಲ ಎನ್ನುವುದು ಮಾತ್ರ ತಿಳಿದಂತಿತ್ತು. ಇಷ್ಟು ದಿನ ಇವಳ ತಲೆಗೆ ಎಣ್ಣೆ ಹಚ್ಚಿದ್ದು ಸಿಂಚನಳಿಗಾಗಿ ಎಂದುಕೊಂಡಿದ್ದೆ. ಈಗ ಸಿಂಚನಳ ಚಿಂತೆ ಇಲ್ಲ, ಆದರೂ ಕಾಲು ಬಾಗಿಲ ಕಡೆ ಹೋಗಲೊಲ್ಲದು. ಮತ್ತೆ ಕೂತು, ಇವಳಿಗೆ ಆ ಪಾಠ ಯಾಕೆ ಕೊಡುವುದಿಲ್ಲ ಎಂದು ಕೇಳಿದೆ. ಮೇಡಂ ಸಮಾಧಾನವಾಗಿ ಹೇಳಿದರು. ಅದು ಕ್ಲಾಸಿನಲ್ಲಿ ಕೂತು ಓದಿ ಮುಗಿಸುವ ಕೋರ್ಸಲ್ಲ. ವ್ಯಾಪಾರ ಮಾಡುವ ಒಂದು ಮನೆಗೆ ವಾರ ವಾರ ಹೋಗಿ, ಅವರ ಜೊತೆ ಮಾತಾಡಿ ಬರೆಯಬೇಕು. ಇಲ್ಲಿನ ಮಕ್ಕಳಿಗೆ ಮಾವನದೋ ಚಿಕ್ಕಪ್ಪನದೋ ಅಂಗಡಿ ಇರುತ್ತದೆ. ಹೊರಗಿನವರನ್ನು ಯಾರು ಒಳಗೆ ಬಿಟ್ಟುಕೊಂಡು ಮನೆಯ ವಿಷಯ ಹೇಳುತ್ತಾರೆ? ಅದಕ್ಕೇ ಅವರಿಗೆ ಇಟ್ಟಿಲ್ಲ. ಒಂದು ಮನೆಯವರು ಒಪ್ಪಿದರೆ ತಾವೇ ಪ್ರಿನ್ಸಿಪಾಲರನ್ನು ಕೇಳಿ ನೋಡಬಹುದು ಎಂದರು.

‘ನಮ್ದು ಆಲೆಮನೆ ಐತೆ’ ಎಂದು ಯಾರೋ ಅಂದರು. ನಾನೇ.

ಯಾರು ಶುರುಮಾಡಿದ್ದು ಎಂದು ಮೇಡಂ ಕೇಳಿದರು. ಯಜಮಾನರೂ ನಮ್ಮಣ್ಣನೂ ಸೇರಿ ಎಂದೆ. ಚಿನಕುರಳಿಯಿಂದ ಕಬ್ಬು, ಇಲ್ಲಿ ಗಾಣ, ಒಲೆ, ಬೆಲ್ಲ. ಭಾವ ಭಾವಮೈದ ಪಾಲುದಾರರಾಗಿ ಜಗಳವೇ ಆಡಲಿಲ್ಲವೇ ಎಂದರು. ‘ಆಡಾಕೆಲ್ಲಾಯ್ತದೆ ಮೇಡಂ. ಅವರ್ ತಂಗಿ ಇವರತ್ರ, ಇವರ್ ತಂಗಿ ಅವರತ್ರ. ಅವರಿಬ್ರು ಮಾತ್ ಬುಟ್ರೆ ನಾವಿಬ್ರೂ ಬಸ್ ಹತ್ತಬೇಕಿತ್ತು.’ ಮೇಡಂ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಮಾರ್ತಾ ನಗಲಿಲ್ಲ. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಅವಳ ಅಣ್ಣ ನೆನಪಾಗಿರಬೇಕು. ಆಮೇಲೆ ಮೇಡಂ, ಸರಿ, ವಾರ ವಾರ ಇವಳ ಹತ್ತಿರ ಕೂತು ಮಾತಾಡುವವರು ಯಾರು ಎಂದರು. ಯಜಮಾನರಿಲ್ಲ, ಅಣ್ಣನಿಲ್ಲ, ಕೆಂಪಮ್ಮನೂ ಹೋದಳು. ಮಗನಿಗೆ ಆಲೆಮನೆ ಬಿಟ್ಟು ಕೂರಲು ಪುರುಸೊತ್ತಿಲ್ಲ. ಒಬ್ಬೊಬ್ಬರನ್ನೇ ಬಿಟ್ಟುಕೊಂಡು ಬಂದರೆ ಉಳಿದವಳು ಯಾರೆಂದು ನನಗೆ ಗೊತ್ತಾಗುವುದರೊಳಗೆ ಮೇಡಂಗೆ ಗೊತ್ತಾಗಿತ್ತು.

ಪ್ರಿನ್ಸಿಪಾಲರು ಒಪ್ಪಿದರು, ಮಾರ್ತಾ ಉಳಿದಳು. ಮೊದಲ ವಾರ ಅವಳು ಕೇಳಿದ್ದಕ್ಕೆಲ್ಲ ನನ್ನ ಉತ್ತರ ಹೂಂ, ಇಲ್ಲ, ಗೊತ್ತಿಲ್ಲ. ಸವಿತಾ ಮಧ್ಯೆ ಕೂತು ಆ ಮಾತಿನಿಂದ ಈ ಮಾತಿಗೆ ತಿರುಗಿಸುತ್ತಿದ್ದಳು; ನನ್ನ ‘ಹೂಂ’ ಅನ್ನು ಇಂಗ್ಲಿಷಿಗೆ ತಿರುಗಿಸಲು ಅವಳಿಗೇನೂ ಕಷ್ಟವಾಗಿರಲಾರದು. ಎರಡನೆಯ ವಾರ ಆಲೆಮನೆಯಲ್ಲೇ ಕೂತೆವು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಆ ವಾಸನೆ ಇದೆಯಲ್ಲ, ಅದು ಮೂಗಿಗೆ ಬಿದ್ದದ್ದೇ ನಿಮ್ಮ ತಾತ ಬಂದುಬಿಟ್ಟರು. ಬಿಸಿ ಪಾಕವನ್ನು ನೀರಿಗೆ ಬಿಟ್ಟು ಉಂಡೆ ಕಟ್ಟಿ ನೋಡುತ್ತಿದ್ದದ್ದು, ವರ್ಷದ ಮೊದಲ ಅಚ್ಚನ್ನು ‘ಕೆಂಪೀಗೆ’ ಎಂದು ತೆಗೆದಿಡುತ್ತಿದ್ದದ್ದು, ಯಾರೂ ಇಲ್ಲದಾಗ ಮುತ್ತುಗದ ಎಲೆಯಲ್ಲಿ ಬಿಸಿ ಬೆಲ್ಲ ತಂದು ನನ್ನ ಕೈಗಿಟ್ಟು ಏನೂ ಗೊತ್ತಿಲ್ಲದವರಂತೆ ಹೋಗುತ್ತಿದ್ದದ್ದು, ಎಲ್ಲ ಹೇಳಿದೆ. ಒಂದು ದಿನ ಮಾರ್ತಾ, ಮದುವೆಗೆ ಮೊದಲು ನಿಮಗೆ ಏನಾಗಬೇಕೆಂದಿತ್ತು ಎಂದು ಕೇಳಿದಳು. ಪಾಂಡವಪುರದ ಹೈಸ್ಕೂಲಿಗೆ ಹೋಗಬೇಕೆಂದಿತ್ತು ಎಂದೆ. ಏಳನೇ ಕ್ಲಾಸಿಗೇ ಬಿಡಿಸಿದ್ದರು. ಸವಿತಾ ಅದನ್ನು ಇಂಗ್ಲಿಷಿಗೆ ತಿರುಗಿಸದೆ ನನ್ನ ಮುಖ ನೋಡಿದಳು.

‘ಇಷ್ಟ್ ವರ್ಸದಲ್ಲಿ ಹೇಳೇ ಇರ್ಲಿಲ್ವಲ್ಲ ಅತ್ತೆ.’

‘ನೀನ್ ಕೇಳೇ ಇರ್ಲಿಲ್ವಲ್ಲವ್ವ.’

ಮಾರ್ತಾ ಒಳ್ಳೆಯ ಅಂಕ ತೆಗೆದುಕೊಂಡು ಊರಿಗೆ ಹೋದಳು. ಸಿಂಚನ ಓದು ಮುಗಿಸಿಕೊಂಡೇ ಬಂದಳು. ಬಂದವಳು ಮಾರ್ತಾ ಬರೆದದ್ದನ್ನು ಓದಿ ನಗುತ್ತಾ ಹೇಳಿದಳು: ಈ ಕೆಲಸದಲ್ಲಿ ನಿಮಗಾದ ತೊಂದರೆ ಏನು ಎಂದು ಕೊನೆಯಲ್ಲಿ ಬರೆಯಬೇಕಂತೆ. ಬೇರೆ ಮಕ್ಕಳೆಲ್ಲ ಮನೆಯವರು ಬಾಯಿ ಬಿಡಲಿಲ್ಲ ಎಂದು ಬರೆದರೆ, ಮಾರ್ತಾ, ಅಜ್ಜಿ ಒಮ್ಮೆ ಶುರುಮಾಡಿದರೆ ನಿಲ್ಲಿಸುತ್ತಿರಲಿಲ್ಲ ಎಂದು ಬರೆದಿದ್ದಾಳಂತೆ. ಅಷ್ಟು ತುಪ್ಪ ತಿಂದ ಹುಡುಗಿ ಬರೆಯುವ ಮಾತೇ ಅದು? ಆದರೆ ಸುಳ್ಳೆನ್ನುವ ಹಾಗೂ ಇಲ್ಲ. ಈಗ ವಾರ ವಾರ ಕೇಳುವವರಿಲ್ಲ, ಹೊರಟ ಮಾತು ನಿಲ್ಲುತ್ತಿಲ್ಲ, ಅದಕ್ಕೇ ಈ ಹಾಳೆಗಳು.

ಇವನ್ನು ಜೋಪಾನವಾಗಿಡಿ ಮಕ್ಕಳೇ. ಫೋನಿನಲ್ಲಿ ಫೋಟೋ ಹಿಡಿದಿಟ್ಟುಕೊಂಡರೂ ಸರಿ, ಕಾಗದವನ್ನು ಮಾತ್ರ ಡಬ್ಬದ ಕೆಳಗೆ ಹಾಸಬೇಡಿ. ನೆಂಟರು ಬಂದಾಗ ತೆಗೆದು ಗಟ್ಟಿಯಾಗಿ ಓದಲೂಬೇಡಿ. ಓದಲೇಬೇಕು ಅನ್ನಿಸಿದರೆ ಸ್ವಲ್ಪ ಮುಂಚೆ ಹೇಳಿ, ನಾನು ತಾಯಮ್ಮನ ಮನೆಗೆ ಹೋಗಿ ಕೂತಿರುತ್ತೇನೆ. ಓದಿ ಮುಗಿದ ಮೇಲೆ, ಯಾರ್ಯಾರು ಏನೇನಂದರು ಎಂದು ಒಂದೂ ಬಿಡದೆ ಬಂದು ಹೇಳಿ.