ಖಾಲಿ ಹೊಟ್ಟೆಯ ಗಿಟಾರು

ಮಧುಕುಮಾರನನ್ನು ಸಂಕಟಕ್ಕೆ ಸಿಕ್ಕಿಸಿದ್ದು ಅವನದೇ ಬಾಯಿ. "ಪ್ಯಾಕಿಂಗ್ ತಾನೆ ಮೇಡಂ? ನನಗೆ ಬಿಟ್ಬಿಡಿ" ಎಂದು ಫೋನಿನಲ್ಲಿ ಭರವಸೆ ಕೊಟ್ಟ ಆ ಮನುಷ್ಯ ಅದುವರೆಗೆ ತನ್ನ ಊಟದ ಡಬ್ಬಿಯ ಮುಚ್ಚಳವನ್ನೂ ತಾನೇ ಹಾಕಿದವನಲ್ಲ.

ಶೋಭಾರಾಣಿ ಮೇಡಂ ಗೌರಿಬಿದನೂರಿನ ಕಚೇರಿಯಿಂದ ಬಡ್ತಿ ಪಡೆದು ಮೈಸೂರಿಗೆ ಹೋಗುವಾಗ ತಮ್ಮ ಗಿಟಾರನ್ನು ರೆಕಾರ್ಡ್ ರೂಮಿನಲ್ಲೇ ಬಿಟ್ಟುಹೋಗಿದ್ದರು. ಗುಮಾಸ್ತರ ವರ್ಗಾವಣೆಯ ಕಡತಗಳು ಈಗ ಅವರ ಮೇಜಿಗೇ ಬರುತ್ತಿದ್ದವು. ಜಂಗಮಕೋಟೆಯ ಮಧುಕುಮಾರ ಆರು ವರ್ಷದಿಂದ ಶಿಡ್ಲಘಟ್ಟಕ್ಕೊಂದು, ಚಿಕ್ಕಬಳ್ಳಾಪುರಕ್ಕೊಂದು, ಗೌರಿಬಿದನೂರಿಗೊಂದು ಎಂದು ದಿನಾ ಮೂರು ಬಸ್ಸು ಹತ್ತುತ್ತಿದ್ದ. ಶಿಡ್ಲಘಟ್ಟದ ಕಚೇರಿಗೆ ಹಾಕಿಸಿಕೊಂಡರೆ ಒಂದೇ ಬಸ್ಸು, ಬೆಳಕಿರುವಾಗಲೇ ಮನೆ.

"ನಮ್ಮಪ್ಪ ಕೊಡ್ಸಿದ್ ಗಿಟಾರು ಮಧುಕುಮಾರ್. ಒಂದ್ ಗೀರೂ ಆಗ್ಬಾರ್ದು" ಎಂದಿದ್ದರು ಮೇಡಂ. "ಅದು ಬಂದು ಸೇರ್ಲಿ, ನಿಮ್ ಫೈಲ್ ತೆಗೀತೀನಿ."

ಎರಡನೇ ಶನಿವಾರ ಬೆಳಗ್ಗೆ, ಏಳು ವಿಡಿಯೋ ನೋಡಿ ಪಂಡಿತನಾಗಿದ್ದ ಮಧುಕುಮಾರ ಮನೆಯ ಮುಂದೆ ಮಂಚ ಹಾಕಿ, ಕಚೇರಿಯಿಂದ ಹೊತ್ತು ತಂದಿದ್ದ ಗಿಟಾರನ್ನು ಮಲಗಿಸಿದ. ಮನೆಯ ಒಳಗೆ ಮಲಗಿಸಿದ್ದರೆ ಈ ಕತೆ ಇರುತ್ತಿರಲಿಲ್ಲ.

ಮೊದಲು ಬಂದವನು ಎದುರುಮನೆಯ ಮುದ್ದಪ್ಪ, ಚಿಂತಾಮಣಿಯ ಮಂಡಿಯಲ್ಲಿ ಮೂವತ್ತು ವರ್ಷ ಟೊಮೆಟೊ ಲಾರಿ ತುಂಬಿದವನು.

"ತಂತಿ ಯಾಕಪ್ಪ ಬಿಚ್ತಿದೀಯ?"

"ಬಿಚ್ತಿಲ್ಲ ಮುದ್ದಪ್ಪಣ್ಣ, ಸಡಿಲ ಮಾಡ್ತಿದೀನಿ. ಬಿಗಿಯಾಗಿದ್ರೆ ದಾರೀಲಿ ಕತ್ತು ಸೀಳೋಗುತ್ತಂತೆ."

"ಯಾರೋ ಹೇಳಿದ್ದು? ಸಡಿಲ ಬಿಟ್ಟಿದ್ ಹಗ್ಗ ಹೊಸಕೋಟೆ ದಾಟಿದ್ದನ್ನ ನಾನು ನೋಡಿಲ್ಲ!" ಎಂದ ಮುದ್ದಪ್ಪ, ಮಧುಕುಮಾರ ಒಂದೊಂದಾಗಿ ಸಡಿಲಿಸಿದ ತಂತಿಗಳನ್ನು ಹಿಂದಿನಿಂದಲೇ ಬಿಗಿಯತೊಡಗಿದ. ಗಿಟಾರು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕುಯ್ಯೆಂದಿತು. ಮಧುಕುಮಾರ ಅವನನ್ನು ಗೋಣಿಚೀಲ ತರಲು ಅಟ್ಟಿ, ತಂತಿಗಳನ್ನು ಮತ್ತೆ ಸಡಿಲಿಸಿ, ತಾನು ಟಿವಿ ಅಂಗಡಿಗೆ ರಟ್ಟಿನ ಡಬ್ಬ ತರಲು ಹೋದ.

ಬಂದವನೇ ಗಿಟಾರಿಗೆ ಕಂಬಳಿ ಸುತ್ತಿದ, ಕತ್ತಿನ ಕೆಳಗೆ ದಿಂಬು ಕೊಟ್ಟ, ಸಂದಿಗಳಿಗೆಲ್ಲ ಪೇಪರ್ ಉಂಡೆ ತುರುಕಿದ, ಡಬ್ಬಕ್ಕೆ ಎರಡು ಸುರುಳಿ ಟೇಪು ಸುತ್ತಿದ. ಹನ್ನೆರಡಾಯಿತು. ಮೂರು ಗಂಟೆಗೆ ಶಿಡ್ಲಘಟ್ಟದ ಕೊರಿಯರ್ ವ್ಯಾನು ಹೊರಡುತ್ತದೆ. ಕೊನೆಯದಾಗಿ ಎತ್ತಿ ಅಲ್ಲಾಡಿಸಿ ನೋಡಬೇಕು, ಸದ್ದು ಬರದಿದ್ದರೆ ಗೆದ್ದಂತೆ ಎಂದಿತ್ತು ಏಳನೇ ವಿಡಿಯೋ. ಮಧುಕುಮಾರ ಗೆದ್ದವನ ಮುಖ ಮಾಡಿಕೊಂಡೇ ಅಲ್ಲಾಡಿಸಿದ.

ಗಲಗಲ ಎಂದಿತು.

"ರೀ, ಒಳಗೆ ಏನೋ ಮುರ್ದೋಗಿದೆ" ಎಂದಳು ಹೆಂಡತಿ ಪವಿತ್ರ.

ಕಟ್ಟಿದ್ದನ್ನೆಲ್ಲ ಕಿತ್ತು ಗಿಟಾರನ್ನು ಬೋರಲು ಮಾಡಿದರೆ, ನಡುವಿನ ತೂತಿನಿಂದ ಬೆಳ್ಳಗಿನ ರೇಷ್ಮೆ ಗೂಡೊಂದು ಉದುರಿತು. ಹಿಂದೆಯೇ ಮತ್ತೊಂದು.

"ನಾನೇ ಕಣಪ್ಪ ತುಂಬಿದ್ದು" ಎಂದರು ಪಕ್ಕದ ಮನೆಯ ಲಕ್ಷ್ಮೀನರಸಮ್ಮ, ಒಂದಿಷ್ಟೂ ಅಳುಕಿಲ್ಲದೆ. "ನೀನು ಡಬ್ಬ ತರಕ್ಕೆ ಹೋಗಿದ್ಯಲ್ಲ, ಆವಾಗ. ಬಗ್ಗಿ ನೋಡ್ದೆ, ಹೊಟ್ಟೆ ಖಾಲಿ. ಅಷ್ಟು ದೂರ ಖಾಲಿ ಹೊಟ್ಟೇಲಿ ಯಾರಾದ್ರೂ ಕಳಿಸ್ತಾರಾ?"

"ದೊಡ್ಡಮ್ಮ, ಇದ್ರೊಳಗೆ ಹುಳ ಸತ್ತಿದೆ ತಾನೆ?"

"ಅಯ್ಯೋ, ಬಿಡ್ತು ಅನ್ನು! ವಾರದ ಹಿಂದೆ ಮಾರ್ಕೆಟ್ಟಲ್ಲಿ ಬೇಡ ಅಂದಿದ್ ಗೂಡು. ನಾಳೆ ನಾಡಿದ್ದು ಚಿಟ್ಟೆ ಬರ್ತವೆ. ಬರ್ಲಿ ಬಿಡು, ಅವೂ ಮೈಸೂರು ನೋಡ್ಕಳ್ಳಿ."

ಮೇಡಂ ಗಿಟಾರು ಮೀಟುವುದೂ, ತೂತಿನಿಂದ ಚಿಟ್ಟೆಗಳು ಜೋಡಿಜೋಡಿಯಾಗಿ ತೆವಳಿ ಬಂದು ತನ್ನ ಫೈಲಿನ ಮೇಲೆ ಮೊಟ್ಟೆಯಿಡುವುದೂ ಮಧುಕುಮಾರನ ಕಣ್ಣಿಗೆ ಕಟ್ಟಿತು.

ಕಾಸು ನುಂಗಿದ ಕೂಸನ್ನು ಹಿಡಿಯುವಂತೆ ಮೂವರು ಗಿಟಾರನ್ನು ತಲೆಕೆಳಗಾಗಿ ಹಿಡಿದರು. ಪವಿತ್ರ ಸಡಿಲ ತಂತಿಗಳನ್ನು ಸರಿಸಿ ಬೆರಳು ಹಾಕಿ ಎಳೆದಳು. "ನೋಡ್ದಾ, ತಂತಿ ಸಡಿಲ ಮಾಡಿದ್ದು ಒಳ್ಳೇದೇ ಆಯ್ತು" ಎಂದ ಗೋಣಿಚೀಲ ತಂದಿದ್ದ ಮುದ್ದಪ್ಪ, ತನ್ನದೇ ಸಲಹೆ ಎಂಬಂತೆ. ಮೂಲೆಯಲ್ಲಿ ಬೀಗರಂತೆ ಬೀಡುಬಿಟ್ಟಿದ್ದ ಕೊನೆಯ ಗೂಡನ್ನು ಪೊರಕೆ ಕಡ್ಡಿಯಲ್ಲಿ ಎಬ್ಬಿಸುವಷ್ಟರಲ್ಲಿ ಗಂಟೆ ಒಂದೂವರೆ.

ಈಗ ಮಧುಕುಮಾರನಿಗೆ ರೋಷ ಬಂದಿತ್ತು. ಕಂಬಳಿ, ದಿಂಬು, ಉಂಡೆ, ಟೇಪು ಎಲ್ಲ ಮತ್ತೊಮ್ಮೆ. ಅದರ ಮೇಲೆ ಗೋಣಿಚೀಲ ಹೊಲಿದ. ಲಕ್ಷ್ಮೀನರಸಮ್ಮ ಪ್ರಾಯಶ್ಚಿತ್ತವಾಗಿ ಎರಡು ಹಳೆಯ ಚಂದ್ರಿಕೆ ಕೊಟ್ಟರು. ರೇಷ್ಮೆ ಹುಳ ಗೂಡು ಕಟ್ಟಲು ಬಿಡುವ ಆ ಬಿದಿರು ತಟ್ಟಿಗಳನ್ನು ಕುಯ್ದು ಡಬ್ಬದ ಸುತ್ತ ಕವಚ ಮಾಡಿದ್ದಾಯಿತು. ಮುದ್ದಪ್ಪ ಲಾರಿಯ ಗಂಟು ಹಾಕಿ ಬಿಗಿದು, ಸಾಕ್ಷಿಗೆ ಅದರ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತು ಬೀಡಿ ಹಚ್ಚಿದ. ಡಬ್ಬ ಕಿಮಕ್ಕೆನ್ನಲಿಲ್ಲ. ಪವಿತ್ರ ಇದನ್ನೆಲ್ಲ ವಿಡಿಯೋ ಮಾಡಿದಳು. ಮಧುಕುಮಾರ ಅದನ್ನು ಆಗಲೇ ಮೇಡಂಗೆ ಕಳಿಸಿ, ಕೆಳಗೆ "ಭೂಕಂಪ ಬಂದರೂ ಭಯವಿಲ್ಲ" ಎಂದು ಬರೆದ.

"ಏಮಿ ಸಾರ್ ಇದಿ, ಒಳಗೆ ದೇವ್ರನ್ನ ಇಟ್ಟಿದೀರಾ?" ಎಂದ ಶಿಡ್ಲಘಟ್ಟದ ಕೊರಿಯರಿನವನು, ಅರ್ಧ ತೆಲುಗಿನಲ್ಲಿ. ಮೂರಕ್ಕೆ ಐದು ನಿಮಿಷ ಇರುವಾಗ ಗಿಟಾರು ವ್ಯಾನು ಹತ್ತಿತು.

ಮಧುಕುಮಾರ ರಸೀದಿಯನ್ನು ಜೇಬಿಗಿಟ್ಟು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಮುಂದೆ ದಿನಾ ತಾನು ಕೂರುವ ಜಾಗ ಇದೇ ಎಂದು ಗೊತ್ತುಮಾಡಿಕೊಂಡ. ಜಂಗಮಕೋಟೆಯಲ್ಲಿ ಇಳಿಯುವಾಗ ಫೋನು ಬಂತು.

"ಏನ್ರೀ ಅದು ಪ್ಯಾಕಿಂಗು!" ಎಂದರು ಮೇಡಂ. "ವಿಡಿಯೋ ನಮ್ಮ ಸಾಹೇಬ್ರಿಗೂ ಕಳಿಸ್ದೆ. ಮೂರ್ ಸಲ ನೋಡಿದ್ರಂತೆ. ಗಿಟಾರ್ ಬರೋವರ್ಗೂ ಯಾಕೆ, ನಿಮ್ ವರ್ಗಾವಣೆಗೆ ಫೋನಲ್ಲೇ ಒಪ್ಕೊಂಡ್ರು."

"ದೊಡ್ಡ ಉಪಕಾರ ಆಯ್ತು ಮೇಡಂ! ಶಿಡ್ಲಘಟ್ಟ ಅಂದ್ರೆ ನಮ್ ಮನೆಗೆ..."

"ಶಿಡ್ಲಘಟ್ಟ ಅಲ್ರೀ, ಬೀದರ್. ಅಲ್ಲಿ ಕಚೇರಿ ಹೊಸ ಕಟ್ಟಡಕ್ಕೆ ಹೋಗ್ತಿದೆ. ಎಪ್ಪತ್ತು ವರ್ಷದ ಕಡತ, ಬೀರು, ನಕ್ಷೆ ಎಲ್ಲಾ ಪ್ಯಾಕ್ ಮಾಡ್ಬೇಕು. ನಂಬಿಕಸ್ತ ಕೈ ಯಾವ್ದೂ ಸಿಗ್ತಿಲ್ಲ ಅಂತ ಸಾಹೇಬ್ರು ಒದ್ದಾಡ್ತಿದ್ರು. ನಿಮ್ಮಂಥವರನ್ನ ಶಿಡ್ಲಘಟ್ಟದಲ್ಲಿ ಕೂರ್ಸಿ ದಂಡ ಮಾಡೋಕಾಗುತ್ತಾ?"

ಮನೆಯ ಮುಂದೆ ಮಂಚ ಇನ್ನೂ ಹಾಗೇ ಇತ್ತು. ಮಧುಕುಮಾರ ಅದರ ಮೇಲೆ, ಬೆಳಗ್ಗೆ ಗಿಟಾರು ಮಲಗಿದ್ದ ಜಾಗದಲ್ಲೇ ಮಲಗಿ ಸುದ್ದಿ ಹೇಳಿದ.

"ಬೀದರ್‌ಗೆ ಎಷ್ಟು ಬಸ್ಸು ರೀ?" ಎಂದಳು ಪವಿತ್ರ.

ಮುದ್ದಪ್ಪ ಉಳಿದ ಹಗ್ಗವನ್ನು ಉತ್ಸಾಹದಿಂದ ಸುತ್ತುತ್ತಾ, "ನಿನ್ ಟ್ರಂಕ್ ತೆಗಿಯಪ್ಪ, ಇನ್ನೂ ಅರ್ಧ ಚಂದ್ರಿಕೆ ಮಿಕ್ಕಿದೆ" ಎಂದ.

ಲಕ್ಷ್ಮೀನರಸಮ್ಮ ಆಗಲೇ ಒಳಗೆ ಹೋಗಿ ತಟ್ಟೆಯಲ್ಲಿ ಎರಡು ಮುದ್ದೆ ಹಾಕಿಕೊಂಡು ಬಂದಿದ್ದರು. "ಏಳಪ್ಪ, ಮೊದ್ಲು ಉಣ್ಣು. ಅಷ್ಟು ದೂರ ಖಾಲಿ ಹೊಟ್ಟೇಲಿ ಯಾರಾದ್ರೂ ಕಳಿಸ್ತಾರಾ?"